ಸಣ್ಣ ನಿಬ್ಬಿನ ಶಾಯಿಪೆನ್ನು: ಶಾಯಿ ಹರಿವಿನ ದೋಷಗಳು

ತೊಟ್ಟಿಯಲ್ಲಿ ಶಾಯಿ ಇದ್ದೂ ಅದು ನಿಬ್ಬಿನ ತುದಿಗೆ ಎಡೆಬಿಡದೆ ತಲುಪದಿರುವುದು, ಇಲ್ಲವೆ ಬೇಕಾದುದಕ್ಕಿಂತ ಹೆಚ್ಚಾಗಿ ಇಳಿಯುವುದು ಶಾಯಿಪೆನ್ನಿನ ಹರಿವಿನ ದೋಷ. ಎಲ್ಲ ಅಳತೆಯ ನಿಬ್ಬುಗಳಲ್ಲೂ ಈ ದೋಷ ಕಾಣಿಸಿಕೊಳ್ಳುತ್ತದೆ. ಸುಮಾರು ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಗೆರೆ ಎಳೆಯುವ ಸಣ್ಣ ನಿಬ್ಬುಗಳಲ್ಲಿ ಮಾತ್ರ ಇದು ಪದೇಪದೇ ಮರುಕಳಿಸುತ್ತದೆ. ದೋಷದ ಮೂಲ ಶಾಯಿಯಲ್ಲಿರಬಹುದು, ಕಾಗದದಲ್ಲಿರಬಹುದು, ಹವೆಯಲ್ಲಿರಬಹುದು, ಪೆನ್ನಿನ ಒಳಗಿರಬಹುದು. ಈ ಲೇಖನವು ದೋಷಗಳ ಬಗೆ, ಅವುಗಳ ಕಾರಣ, ಪತ್ತೆ ಮತ್ತು ಪರಿಹಾರಗಳನ್ನು ಪುಣೆ ನಗರದ ಹವೆ, ನೀರು, ಕಾಗದಗಳ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಪರಿಭಾಷೆ

ಬರೆಯುವ ಲೋಹದ ಭಾಗ ನಿಬ್ಬು. ಅದರ ನಡುವೆ ಉದ್ದಕ್ಕೆ ಕೊಯ್ದ ಗೆರೆ ಸೀಳು. ಸೀಳಿನ ಎರಡು ಬದಿಯ ಲೋಹದ ಭಾಗಗಳನ್ನು ಇಲ್ಲಿ ಎಸಳುಗಳೆಂದು ಕರೆದಿದೆ. ಸೀಳು ಕೊನೆಗೊಳ್ಳುವಲ್ಲಿರುವ ತೂತು ಗಾಳಿರಂಧ್ರ. ಎಸಳುಗಳ ಕೊನೆಯಲ್ಲಿ ಬೆಸೆದಿರುವ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು ತುದಿಮಣಿ. ಅಂಗಡಿಗಳಲ್ಲಿ ಇದನ್ನು ಇರಿಡಿಯಂ ಎಂದೇ ಕರೆಯುತ್ತಾರೆ, ಆದರೆ ಇಂದಿನ ತುದಿಮಣಿಗಳಲ್ಲಿ ಇರಿಡಿಯಂ ಅಂಶ ಕಡಿಮೆ ಇರುವುದುಂಟು, ಇಲ್ಲದಿರುವುದೂ ಉಂಟು. ನಿಬ್ಬಿನ ಅಡಿಗೆ ಒತ್ತಿಕೊಂಡಿದ್ದು ಶಾಯಿಯನ್ನು ಹೊತ್ತು ತರುವ ಕಪ್ಪು ಭಾಗ ಫೀಡ್, ರೂಢಿಯಲ್ಲಿ ನಾಲಗೆ. ಶಾಯಿ ತುಂಬುವ ಭಾಗ ತೊಟ್ಟಿ. ಅದು ಪೆನ್ನಿನ ಒಡಲೇ ಆಗಿರಬಹುದು, ಕಾರ್ಟ್ರಿಜ್ ಆಗಿರಬಹುದು, ತಿರುಪಿ ಶಾಯಿ ಎಳೆಯುವ ಕನ್ವರ್ಟರ್ ಆಗಿರಬಹುದು.

ಹಿನ್ನೆಲೆ

ಪುಣೆಯ ಪೇಶ್ವೆ ದಫ್ತರದ ಮೋಡಿ ಲಿಪಿಯ ಕಾಗದಗಳು ಬೋರು ಎಂಬ ಜೊಂಡಿನ ಲೇಖನಿಯಿಂದ ಬರೆದವು. ಬೋರುವನ್ನು ಮಸಿಯಲ್ಲಿ ಅದ್ದಿ ಬರೆಯಬೇಕು, ಮೊನೆ ಮೊಂಡಾದರೆ ಮತ್ತೆ ಕೆತ್ತಬೇಕು. ಅದರ ನಂತರ ಬಂದದ್ದು ಲೋಹದ ನಿಬ್ಬಿನ ಅದ್ದುಲೇಖನಿ, ಮರಾಠಿಯಲ್ಲಿ ಟಾಕ್. ಅದ್ದಿ ಬರೆಯುವ ಕಾಲದಲ್ಲಿ ಹರಿವಿನ ದೋಷ ದೊಡ್ಡ ಪ್ರಶ್ನೆಯೇ ಆಗಿರಲಿಲ್ಲ. ಗೆರೆ ಮಂಕಾದರೆ ಮತ್ತೊಮ್ಮೆ ಅದ್ದಿದರಾಯಿತು. ಶಾಯಿಯನ್ನು ಪೆನ್ನಿನೊಳಗೇ ತುಂಬಿಟ್ಟುಕೊಳ್ಳುವ ಏರ್ಪಾಡು ಬಂದಾಗ, ಶಾಯಿ ಇಳಿಯಲು ಅಷ್ಟೇ ಗಾತ್ರದ ಗಾಳಿ ಒಳಗೆ ಹೋಗಬೇಕೆಂಬ ತೊಡಕು ಎದುರಾಯಿತು. ನ್ಯೂಯಾರ್ಕಿನ ಲೂಯಿಸ್ ಎಡ್ಸನ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಫೀಡ್ ಈ ತೊಡಕನ್ನು ಬಿಡಿಸಿತು. ಒಂದು ಅಗಲ ಕಾಲುವೆ, ಅದರ ತಳದಲ್ಲಿ ಕೂದಲೆಳೆಯಂಥ ಸೀಳುಗಳು: ಸೀಳಿನಲ್ಲಿ ಶಾಯಿ ಇಳಿಯುತ್ತದೆ, ಕಾಲುವೆಯಲ್ಲಿ ಗಾಳಿ ಏರುತ್ತದೆ. ಇಂದಿನ ಫೀಡುಗಳು ಈ ತತ್ತ್ವವನ್ನೇ ಅನುಸರಿಸುತ್ತವೆ.

ಭಾರತದಲ್ಲಿ ಪೆನ್ನು ತಯಾರಿಕೆ ಸ್ವದೇಶಿ ಚಳವಳಿಯ ಜೊತೆಯಲ್ಲಿ ಬೆಳೆಯಿತು. 1930ರ ದಶಕದಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ರತ್ನಂ ಪೆನ್ನು ಹೆಸರಾಯಿತು. 1931ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ಯಾಮ್ಲಿನ್ ಸಂಸ್ಥೆಯ ಕ್ಯಾಮೆಲ್ ಶಾಯಿ ಮಹಾರಾಷ್ಟ್ರ, ಕರ್ನಾಟಕಗಳ ಶಾಲೆಗಳಲ್ಲಿ ಮನೆಮಾತಾಯಿತು. ಬೆಂಗಳೂರಿನ ಬ್ರಿಲ್, ಬಂಗಾಳದ ಸುಲೇಖಾ ಇದೇ ಸಾಲಿನವು. ತಮಿಳುನಾಡಿನ ಸಾತ್ತೂರು ಗೃಹೋದ್ಯಮವಾಗಿ ನಿಬ್ಬು ತಯಾರಿಸುವ ಊರೆಂದು ಹೆಸರಾಯಿತು. ಈ ಕಾಲದ ಭಾರತೀಯ ಪೆನ್ನುಗಳಲ್ಲಿ ಹೆಚ್ಚಿನವು ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಒಡಲಿನವು, ಫಿಲ್ಲರಿನಿಂದ ಶಾಯಿ ಹನಿಸಿ ತುಂಬುವಂಥವು. ಸೋರುವ ಪೆನ್ನು ಎಂಬ ಅಪಕೀರ್ತಿ ಶಾಯಿಪೆನ್ನಿಗೆ ಅಂಟಿಕೊಂಡದ್ದು ಬಹುಮಟ್ಟಿಗೆ ಈ ಬಗೆಯಿಂದಲೇ.

ರಚನೆ ಮತ್ತು ಹರಿವಿನ ಕ್ರಮ

ಶಾಯಿ ಭೂಮಿಯ ಸೆಳೆತದಿಂದಷ್ಟೇ ಇಳಿಯುವುದಿಲ್ಲ. ಇಕ್ಕಟ್ಟಾದ ಎಡೆಗಳು ದ್ರವವನ್ನು ತಮ್ಮೊಳಗೆ ಎಳೆದುಕೊಳ್ಳುವ ಕೇಶಾಕರ್ಷಣೆಯಿಂದ ಅದು ಫೀಡಿನ ಮೂಲಕ ಸೀಳಿಗೆ, ಸೀಳಿನಿಂದ ತುದಿಮಣಿಗೆ ಬರುತ್ತದೆ. ಸೀಳು ಗಾಳಿರಂಧ್ರದಿಂದ ತುದಿಯ ಕಡೆಗೆ ಕಿರಿದಾಗುತ್ತ ಹೋಗಬೇಕು. ಕಿರಿದಾದಷ್ಟೂ ಸೆಳೆತ ಹೆಚ್ಚು, ಆದ್ದರಿಂದ ಶಾಯಿ ತಾನಾಗಿ ತುದಿಗೆ ಬಂದು ನಿಲ್ಲುತ್ತದೆ. ತುದಿಮಣಿ ಕಾಗದವನ್ನು ಮುಟ್ಟಿದಾಗ ಕಾಗದದ ನಾರುಗಳ ಸೆಳೆತ ಸೀಳಿನ ಸೆಳೆತವನ್ನು ಮೀರುತ್ತದೆ, ಗೆರೆ ಮೂಡುತ್ತದೆ. ಪೆನ್ನನ್ನು ಒತ್ತಬೇಕಾದ ಅಗತ್ಯವಿಲ್ಲ, ಮುಟ್ಟಿಸಿದರೆ ಸಾಕು.

ಸಣ್ಣ ನಿಬ್ಬಿನ ತೊಂದರೆ ಇರುವುದು ಇಲ್ಲೇ. ಎರಡು ಸಮತಲಗಳ ನಡುವೆ ಹರಿಯುವ ದ್ರವದ ಪ್ರಮಾಣ ಅವುಗಳ ನಡುವಿನ ಅಂತರದ ಘನಕ್ಕೆ ಅನುಗುಣವಾಗಿರುತ್ತದೆ. ಒತ್ತಡ ಅಷ್ಟೇ ಇದ್ದು ಅಂತರ ಅರ್ಧಕ್ಕೆ ಇಳಿದರೆ ಹರಿವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಗಲ ನಿಬ್ಬಿನಲ್ಲಿ ಗಮನಕ್ಕೂ ಬಾರದ ಒಂದು ಕಾಗದದ ಎಳೆ, ಒಣಗಿದ ಶಾಯಿಯ ತೆಳುಪದರ, ಎಸಳುಗಳ ಅತಿ ಸಣ್ಣ ಬಿಗಿತ ಸಣ್ಣ ನಿಬ್ಬಿನಲ್ಲಿ ಬರವಣಿಗೆಯನ್ನೇ ನಿಲ್ಲಿಸುತ್ತದೆ. ತುದಿಮಣಿ ಕಾಗದವನ್ನು ಮುಟ್ಟುವ ಜಾಗವೂ ಚಿಕ್ಕದು, ಹಾಗಾಗಿ ಆ ಜಾಗದ ಚೂರೇಚೂರು ಒಣಗಿದರೂ ಮೊದಲ ಗೆರೆ ಮೂಡುವುದಿಲ್ಲ.

ಫೀಡಿನ ಬದಿಗಳಲ್ಲಿ ಬಾಚಣಿಗೆಯ ಹಲ್ಲುಗಳಂತಿರುವ ತೆಳುಗರಿಗಳು ಹೆಚ್ಚಾಗಿ ಇಳಿದ ಶಾಯಿಯನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತವೆ. ಹಳೆಯ ಎಬೊನೈಟ್ ಫೀಡುಗಳಲ್ಲಿ ಇಂಥ ಗರಿಗಳು ಕಡಿಮೆ, ಆದರೆ ಎಬೊನೈಟಿಗೆ ಶಾಯಿ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಫೀಡುಗಳಲ್ಲಿ ಗರಿಗಳು ಹೆಚ್ಚು, ಮೇಲ್ಮೈ ಮಾತ್ರ ಶಾಯಿಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಚ್ಚಿನಿಂದ ಬಂದ ಎಣ್ಣೆಯ ಪಸೆ ಉಳಿದಿದ್ದರಂತೂ ಹೊಸ ಪೆನ್ನೇ ಬರೆಯದೆ ಸತಾಯಿಸುತ್ತದೆ.

ನಿಬ್ಬಿನ ಅಳತೆಗಳಿಗೆ ಎಲ್ಲ ತಯಾರಕರೂ ಒಪ್ಪಿದ ಮಾನದಂಡವಿಲ್ಲ. ಜಪಾನಿನ ಸಣ್ಣ ನಿಬ್ಬು ಸುಮಾರು 0.3 ಮಿ.ಮೀ. ಗೆರೆ ಎಳೆದರೆ ಯುರೋಪಿನ ಸಣ್ಣ ನಿಬ್ಬು 0.5 ಮಿ.ಮೀ. ಹತ್ತಿರಕ್ಕೆ ಬರುತ್ತದೆ. ಕನ್ನಡ ಬರೆಯುವವರು ಸಣ್ಣ ನಿಬ್ಬನ್ನು ಬಯಸಲು ಲಿಪಿಯೇ ಕಾರಣ. ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ, ಪುಟ್ಟ ಸುಳಿಗಳು ದಪ್ಪ ಗೆರೆಯಲ್ಲಿ ಮುಚ್ಚಿಹೋಗುತ್ತವೆ.

ದೋಷಗಳ ಬಗೆ

ಪೆನ್ನು ಬಿಚ್ಚಿ ಬರೆಯತೊಡಗಿದಾಗ ಮೊದಲ ಒಂದೆರಡು ಗೆರೆ ಮೂಡದಿದ್ದು ಆಮೇಲೆ ಸರಿಹೋಗುವುದು ಆರಂಭದೋಷ. ಬರೆಯುತ್ತಿರುವಾಗ ನಡುನಡುವೆ ಗೆರೆ ಕಡಿದುಹೋಗುವುದು ತಪ್ಪುಗೆರೆ. ಅರ್ಧ ಪುಟ ಚೆನ್ನಾಗಿ ಬರೆದು ಬಳಿಕ ಗೆರೆ ಮಂಕಾಗುತ್ತ ನಿಂತೇಹೋಗುವುದು ಶಾಯಿಕೊರತೆ. ಉದ್ದಕ್ಕೂ ಗೆರೆ ತೆಳುವಾಗಿ, ಬಣ್ಣ ಪೇಲವವಾಗಿ ಬರುವುದು ಒಣಹರಿವು. ಇವು ನಾಲ್ಕೂ ಶಾಯಿ ಸಾಲದೆ ಬರುವ ದೋಷಗಳು. ಇವುಗಳಿಗೆ ಎದುರಾಗಿ, ನಿಬ್ಬಿನಿಂದ ಇದ್ದಕ್ಕಿದ್ದಂತೆ ಹನಿ ಬೀಳುವುದು, ಮುಚ್ಚಳದೊಳಗೆ ಶಾಯಿ ನಿಲ್ಲುವುದು, ನಿಬ್ಬಿನ ಮೈಮೇಲೆ ಶಾಯಿ ಹರಡಿಕೊಳ್ಳುವುದು ಅತಿಹರಿವಿನ ದೋಷಗಳು. ನಿಬ್ಬಿನ ಮೈಮೇಲೆ ಹರಡಿದ ಶಾಯಿ ನೋಡಲು ಕೊಳಕೆನಿಸಿದರೂ ಬರವಣಿಗೆಗೆ ಅದರಿಂದ ತೊಂದರೆಯಿಲ್ಲ.

ಪತ್ತೆ ಮಾಡುವ ಕ್ರಮ

ಪೆನ್ನು ಬರೆಯದಾದಾಗ ಅದನ್ನು ಝಾಡಿಸುವುದು, ನಿಬ್ಬನ್ನು ಕಾಗದಕ್ಕೆ ಒತ್ತಿ ಗೀಚುವುದು ಸಾಮಾನ್ಯ ರೂಢಿ. ಮೊದಲನೆಯದು ಪಕ್ಕದಲ್ಲಿ ಕೂತವರ ಅಂಗಿಯನ್ನು, ಎರಡನೆಯದು ನಿಬ್ಬನ್ನು ಕೆಡಿಸುತ್ತದೆ. ದೋಷವನ್ನು ಹೊರಗಿನಿಂದ ಒಳಕ್ಕೆ ಹುಡುಕಬೇಕು: ಕಾಗದ, ಶಾಯಿ, ಕೊಳೆ, ತೊಟ್ಟಿ, ಫೀಡು, ಕಟ್ಟಕಡೆಗೆ ನಿಬ್ಬಿನ ಲೋಹ. ಮೊದಲ ಮೂರನ್ನು ಬದಲಿಸಿ ನೋಡುವುದರಿಂದ ಪೆನ್ನಿಗೆ ಯಾವ ಹಾನಿಯೂ ಇಲ್ಲ. ಲೋಹವನ್ನು ಮುಟ್ಟಿದ ಮೇಲೆ ಹಿಂದಿರುಗುವ ದಾರಿ ಕಡಿಮೆ.

ಅದ್ದುಪರೀಕ್ಷೆ ಇದರಲ್ಲಿ ಅತ್ಯಂತ ಸರಳವೂ ಖಚಿತವೂ ಆದ ಪರೀಕ್ಷೆ. ತೊಳೆದ ನಿಬ್ಬನ್ನು ಶಾಯಿಯ ಸೀಸೆಯಲ್ಲಿ ಅದ್ದಿ ಬರೆಯಬೇಕು. ಮೂರು ನಾಲ್ಕು ಸಾಲು ಚೆನ್ನಾಗಿ ಬಂದು ಬಳಿಕ ನಿಂತರೆ ನಿಬ್ಬು ಸರಿಯಾಗಿದೆ, ದೋಷ ಫೀಡಿನಲ್ಲೋ ತೊಟ್ಟಿಯಲ್ಲೋ ಇದೆ. ಅದ್ದಿದಾಗಲೂ ಗೆರೆ ತಪ್ಪುತ್ತಿದ್ದರೆ ದೋಷ ನಿಬ್ಬಿನದೇ.

ನಿಬ್ಬಿನದೆಂದು ಗೊತ್ತಾದ ಮೇಲೆ ಅದರ ಯಾವ ಭಾಗದ್ದೆಂದು ತಿಳಿಯಲು ಗೆರೆಯೇ ಸುಳಿವು ಕೊಡುತ್ತದೆ. ಗೆರೆ ಉದ್ದಕ್ಕೂ ಪೇಲವವಾಗಿದ್ದು, ತುಸು ಒತ್ತಿದೊಡನೆ ಗಾಢವಾದರೆ ಎಸಳುಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿವೆ. ಗಾಢವಾಗಿಯೇ ಬರೆಯುವ ಪೆನ್ನು ಅಕ್ಷರದ ಮೊದಲ ಎಳೆತದಲ್ಲಿ ಮಾತ್ರ ತಪ್ಪಿದರೆ, ಅದೂ ನುಣುಪು ಕಾಗದದಲ್ಲಿ ಹೆಚ್ಚಾಗಿ ತಪ್ಪಿದರೆ, ತುದಿಮಣಿಯ ಒಳ ಅಂಚುಗಳು ಅತಿಯಾಗಿ ದುಂಡಗಾಗಿವೆ. ಆಗ ಸೀಳಿನಲ್ಲಿರುವ ಶಾಯಿ ಕಾಗದದಿಂದ ಒಂದು ಎಳೆಯಷ್ಟು ಮೇಲೆಯೇ ಉಳಿಯುತ್ತದೆ. ಒರಟು ಕಾಗದದ ನಾರು ಅದನ್ನು ಮುಟ್ಟಬಲ್ಲದು, ನುಣುಪು ಕಾಗದ ಮುಟ್ಟಲಾರದು. ಕನ್ನಡದಲ್ಲಿ ತಲೆಕಟ್ಟು ಮೂಡದೆ ಅಕ್ಷರದ ಉಳಿದ ಭಾಗ ಮೂಡುವುದು, ಮರಾಠಿಯಲ್ಲಿ ಶಿರೋರೇಖೆ ತುಂಡುತುಂಡಾಗುವುದು ಅಡ್ಡ ಎಳೆತದ ದೋಷ. ಒಂದು ಎಸಳು ಇನ್ನೊಂದಕ್ಕಿಂತ ಮೇಲೆದ್ದಿದ್ದರೆ ಹೀಗಾಗುತ್ತದೆ. ಅದರ ಜೊತೆಗೆ ಒಂದು ದಿಕ್ಕಿನಲ್ಲಿ ನಿಬ್ಬು ಕಾಗದವನ್ನು ಕೆರೆಯುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನಿಬ್ಬಿನ ಮುಂಭಾಗವನ್ನು ನೇರವಾಗಿ ನೋಡಿದರೆ ಎಸಳುಗಳ ಏರುಪೇರು ಕಾಣುತ್ತದೆ. ನಿಬ್ಬನ್ನು ಬೆಳಕಿಗೆ ಹಿಡಿದಾಗ ಸೀಳಿನಲ್ಲಿ ತುದಿಯ ತನಕ ಕೂದಲೆಳೆಯಷ್ಟು ಬೆಳಕು ಕಂಡರೆ ಒಳ್ಳೆಯದು. ಅರ್ಧಕ್ಕೇ ನಿಂತರೆ ಬಿಗಿತವಿದೆ.

ಪುಟದ ಮೇಲರ್ಧದಲ್ಲಿ ಸರಿಯಾಗಿ ಬರೆದು ಕೆಳಗಿನ ಅರ್ಧದಲ್ಲಿ ಮಾತ್ರ ಗೆರೆ ತಪ್ಪುವುದು ಬಹಳ ಮಂದಿಯನ್ನು ದಾರಿತಪ್ಪಿಸುವ ಲಕ್ಷಣ. ಇಲ್ಲಿ ಪೆನ್ನಿನದೇನೂ ತಪ್ಪಿಲ್ಲ. ಬರೆಯುವಾಗ ಅಂಗೈ ಊರಿದ ಜಾಗಕ್ಕೆ ಬೆವರು ಮತ್ತು ಎಣ್ಣೆ ಅಂಟಿ ಕಾಗದ ಶಾಯಿಯನ್ನು ಹೀರದಾಗುತ್ತದೆ. ಕೈಯಡಿಗೆ ಒಂದು ಹಾಳೆ ಇಟ್ಟುಕೊಂಡರೆ ದೋಷ ಕಾಣೆಯಾಗುತ್ತದೆ.

ಪರಿಹಾರಗಳು

ತೊಳೆಯುವುದು ಎಲ್ಲಕ್ಕೂ ಮೊದಲಿನ ಪರಿಹಾರ, ಹೆಚ್ಚಿನ ಸಲ ಕೊನೆಯದೂ ಅದೇ. ನಿಬ್ಬಿನ ಭಾಗವನ್ನು ಒಡಲಿನಿಂದ ಬಿಡಿಸಿ, ಉಗುರುಬೆಚ್ಚಗಿನ ನೀರನ್ನು ರಬ್ಬರ್ ಬುರುಡೆಯ ಪಿಚಕಾರಿಯಿಂದಲೋ ಸೂಜಿ ತೆಗೆದ ಸಿರಿಂಜಿನಿಂದಲೋ ಹಿಂಭಾಗದಿಂದ ಹಾಯಿಸಬೇಕು. ನೀರು ತಿಳಿಯಾಗಿ ಬರುವ ತನಕ ಹಾಯಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಮತ್ತೆ ಹಾಯಿಸಿದರೆ ಒಣಗಿದ ಬಣ್ಣದ ಶಾಯಿ ಬಹುಪಾಲು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಮನೆಬಳಕೆಯ ಅಮೋನಿಯಾ ಒಂದು ಪಾಲು, ನೀರು ಹತ್ತು ಪಾಲು, ಪಾತ್ರೆ ತೊಳೆಯುವ ದ್ರವ ಒಂದು ಹನಿ ಸೇರಿಸಿದ ದ್ರಾವಣವನ್ನು ಬಳಸಬಹುದು. ಹಿತ್ತಾಳೆಯ ಭಾಗಗಳಿರುವ ಪೆನ್ನುಗಳನ್ನು ಇದರಲ್ಲಿ ಬಹಳ ಹೊತ್ತು ಇಡಬಾರದು, ಅಮೋನಿಯಾ ತಾಮ್ರದ ಮಿಶ್ರಲೋಹಗಳನ್ನು ಕೊರೆಯುತ್ತದೆ. ಸ್ಪಿರಿಟ್, ಅಸಿಟೋನ್, ಥಿನ್ನರ್ ಯಾವುದನ್ನೂ ಸೋಂಕಿಸಕೂಡದು. ಪ್ಲಾಸ್ಟಿಕ್ ಮತ್ತು ಸೆಲ್ಯುಲಾಯ್ಡ್ ಕರಗಿಹೋಗುತ್ತವೆ. ಎಬೊನೈಟ್ ಒಡಲನ್ನು ಬಿಸಿನೀರಿನಲ್ಲಿ ತೊಳೆದರೆ ಅದರ ಬಣ್ಣ ಕಂದುತ್ತದೆ.

ಅಂಗಡಿಯಿಂದ ತಂದ ಹೊಸ ಪೆನ್ನನ್ನೂ ಶಾಯಿ ತುಂಬುವ ಮೊದಲು ಸೋಪು ಬೆರೆಸಿದ ನೀರಿನಲ್ಲಿ ಒಮ್ಮೆ ತೊಳೆದು ಚೆನ್ನಾಗಿ ಜಾಲಿಸಬೇಕು. ಹೊಸ ಪೆನ್ನಿನ ತಪ್ಪುಗೆರೆಗೆ ತಯಾರಿಕೆಯ ಎಣ್ಣೆಪಸೆಯೇ ಮೊದಲ ಶಂಕಿತ.

ಸೀಳಿನಲ್ಲಿ ಸಿಕ್ಕ ಕಾಗದದ ಎಳೆಯನ್ನು ತೆಗೆಯಲು 0.05 ಮಿ.ಮೀ. ದಪ್ಪದ ಹಿತ್ತಾಳೆ ತಗಡಿನ ಪಟ್ಟಿ ಸೂಕ್ತ. ಹಿಂದೆ ಇದಕ್ಕೆ ಹಳೆಯ ಫೋಟೋ ಫಿಲ್ಮಿನ ತುಂಡನ್ನು ಬಳಸುತ್ತಿದ್ದರು. ಕ್ಷೌರದ ಬ್ಲೇಡನ್ನು ತೂರಿಸುವ ಅಭ್ಯಾಸ ಇನ್ನೂ ಉಳಿದಿದೆ. ಬ್ಲೇಡಿನ ಉಕ್ಕು ಎಸಳುಗಳ ಒಳಮೈಯನ್ನು ಗೀರುತ್ತದೆ, ಸೀಳನ್ನು ಬೇಕಾದುದಕ್ಕಿಂತ ಅಗಲಿಸುತ್ತದೆ, ಹೀಗೆ ಒಣಹರಿವಿನ ಪೆನ್ನು ಹನಿಯುವ ಪೆನ್ನಾಗುತ್ತದೆ.

ಬಿಗಿಯಾದ ಎಸಳುಗಳನ್ನು ಸಡಿಲಿಸಲು ಅದೇ ಹಿತ್ತಾಳೆ ಪಟ್ಟಿಯನ್ನು ಗಾಳಿರಂಧ್ರದಿಂದ ತುದಿಯತ್ತ ಮೆಲ್ಲಗೆ ಕೆಲವು ಸಲ ಎಳೆದು, ಪ್ರತಿ ಸಲವೂ ಬರೆದು ನೋಡಬೇಕು. ಉಕ್ಕಿನ ನಿಬ್ಬು ಬಾಗಿದರೂ ಹಿಂದಿನ ಸ್ಥಿತಿಗೆ ಚಿಮ್ಮಿ ಮರಳುವ ಸ್ವಭಾವದ್ದು, 14 ಕ್ಯಾರೆಟ್ ಚಿನ್ನದ ನಿಬ್ಬು ಮೆದು. ಚಿನ್ನಕ್ಕೆ ಉಕ್ಕಿನಷ್ಟು ಬಲ ಹಾಕಿದರೆ ಎಸಳುಗಳು ಬಾಯಿಬಿಡುತ್ತವೆ. ಏರುಪೇರಾದ ಎಸಳುಗಳನ್ನು, ಎದ್ದಿರುವುದನ್ನು ಉಗುರಿನಿಂದ ಕೆಳಕ್ಕೆ ಒತ್ತಿ ಹಿಡಿದು ಬಿಡುವ ಮೂಲಕ ಸಮಕ್ಕೆ ತರುತ್ತಾರೆ. ಅತಿಯಾಗಿ ದುಂಡಗಾದ ತುದಿಮಣಿಗೆ ಮಾತ್ರ ಉಜ್ಜುವುದೇ ಮದ್ದು: ಅತಿ ನಯವಾದ ಉಜ್ಜುಹಾಳೆಯ ಮೇಲೆ ಭಾರ ಹಾಕದೆ ಎಂಟರ ಆಕಾರದಲ್ಲಿ ಕೆಲವೇ ಸುತ್ತು ಎಳೆಯುವುದು. ಸಣ್ಣ ನಿಬ್ಬಿನ ತುದಿಮಣಿ ಎಷ್ಟು ಚಿಕ್ಕದೆಂದರೆ ನಾಲ್ಕು ಸುತ್ತು ಹೆಚ್ಚಾದರೂ ಗೆರೆ ದಪ್ಪವಾಗಿ, ಸಣ್ಣ ನಿಬ್ಬು ಸಣ್ಣದಾಗಿ ಉಳಿಯುವುದಿಲ್ಲ. ಅನುಭವವಿಲ್ಲದವರು ಈ ಕೆಲಸಕ್ಕೆ ಕೈಹಾಕಬಾರದು.

ಫೀಡು ನಿಬ್ಬಿಗೆ ತಾಗದೆ ನಡುವೆ ಎಡೆ ಬಿಟ್ಟಿದ್ದರೆ ಶಾಯಿಯ ಸರಪಳಿ ಅಲ್ಲಿ ಕಡಿಯುತ್ತದೆ. ಎಬೊನೈಟ್ ಫೀಡಿಗೆ ಇದರ ಪರಿಹಾರ ಸುಲಭ. ನಿಬ್ಬು ಮತ್ತು ಫೀಡನ್ನು ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಡಿದು, ಫೀಡನ್ನು ನಿಬ್ಬಿಗೆ ಒತ್ತಿ, ಹಾಗೆಯೇ ತಣಿಯಲು ಬಿಡಬೇಕು. ಎಬೊನೈಟ್ ಬಿಸಿಗೆ ಮೆತ್ತಗಾಗಿ ನಿಬ್ಬಿನ ಬಾಗಿಗೆ ಹೊಂದಿಕೊಳ್ಳುತ್ತದೆ. ಪ್ಲಾಸ್ಟಿಕ್ ಫೀಡಿಗೆ ಈ ಉಪಾಯ ಒಗ್ಗದು, ಅದನ್ನು ಬದಲಿಸುವುದೇ ಲೇಸು.

ಶಾಯಿಕೊರತೆಯ ಮೂಲ ಬಹಳ ಸಲ ಕನ್ವರ್ಟರಿನಲ್ಲಿರುತ್ತದೆ. ಅದರ ಕೊಳವೆ ಕಿರಿದಾದ್ದರಿಂದ ಶಾಯಿ ಹಿಂಬದಿಗೆ ಅಂಟಿಕೊಂಡು, ಫೀಡಿನ ಬಳಿ ಗಾಳಿಯ ಗುಳ್ಳೆ ನಿಲ್ಲುತ್ತದೆ. ನಿಬ್ಬನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿದರೆ, ಇಲ್ಲವೆ ತಿರುಪನ್ನು ತುಸು ಮುಂದಕ್ಕೆ ತಿರುಗಿಸಿ ಫೀಡನ್ನು ತೋಯಿಸಿದರೆ ಹರಿವು ಮರಳುತ್ತದೆ. ಪದೇಪದೇ ಹೀಗಾಗುವ ಕನ್ವರ್ಟರನ್ನು ಸೋಪಿನ ನೀರಿನಲ್ಲಿ ತೊಳೆದರೆ ಅಂಟುವಿಕೆ ಕಡಿಮೆಯಾಗುತ್ತದೆ. ಕಾರ್ಟ್ರಿಜ್ ಆದರೆ ಬೆರಳುಗಳ ನಡುವೆ ಒಮ್ಮೆ ಮೃದುವಾಗಿ ಹಿಚುಕಿದರೆ ಸಾಕು.

ಪುಣೆಯ ಹವೆ ಮತ್ತು ಎತ್ತರ

ಪುಣೆ ಸಹ್ಯಾದ್ರಿಯ ಮಳೆನೆರಳಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನದ ಗಾಳಿ ತೀರ ಒಣಗಿರುತ್ತದೆ. ಒಂದೇ ಪೆನ್ನು, ಒಂದೇ ಶಾಯಿ ಏಪ್ರಿಲಿನಲ್ಲಿ ಆರಂಭದೋಷ ತೋರಿಸಿ ಜುಲೈಯಲ್ಲಿ ತಾನೇ ಸರಿಹೋಗುವುದು ಇದರಿಂದ. ವಿಜಯಪುರ, ಕಲಬುರಗಿಗಳ ಬೇಸಿಗೆಗೂ ಮಂಗಳೂರಿನ ತೇವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಋತು ನೋಡದೆ ನಿಬ್ಬಿನ ಎಸಳುಗಳನ್ನು ಸಡಿಲಿಸಿದವರಿಗೆ ಮಳೆಗಾಲದಲ್ಲಿ ಅದೇ ನಿಬ್ಬು ಅತಿಹರಿವಿನದಾಗುತ್ತದೆ.

ಬೇಸಿಗೆಯಲ್ಲಿ ಮುಚ್ಚಳದ ಬಿಗಿತವೇ ಮುಖ್ಯ. ಮುಚ್ಚಳದಲ್ಲಿ ಬಿರುಕು ಅಥವಾ ಗಾಳಿತೂತು ಇದ್ದರೆ ಶಾಯಿಯ ನೀರು ಆವಿಯಾಗಿ, ಉಳಿದ ಬಣ್ಣ ಫೀಡಿನಲ್ಲಿ ಗಟ್ಟಿಯಾಗುತ್ತದೆ. ಗೆರೆಯ ಬಣ್ಣ ದಿನದಿನಕ್ಕೆ ಗಾಢವಾಗುತ್ತ ಹರಿವು ನಿಧಾನವಾದರೆ ಶಾಯಿ ಮಂದವಾಗಿದೆಯೆಂದು ತಿಳಿಯಬೇಕು. ನಿಬ್ಬನ್ನು ಒಂದು ಕ್ಷಣ ನೀರಿಗೆ ತಾಗಿಸಿದರೆ ಅಂದಿನ ಮಟ್ಟಿಗೆ ಬರೆಯುತ್ತದೆ, ಶಾಶ್ವತ ಪರಿಹಾರ ತೊಳೆದು ಹೊಸ ಶಾಯಿ ತುಂಬುವುದು. ವಾರಗಟ್ಟಲೆ ಬಳಸದ ಪೆನ್ನನ್ನು ಶಾಯಿ ತೆಗೆದು ತೊಳೆದಿಡಬೇಕು. ಮಳೆಗಾಲದಲ್ಲಿ ಶಾಯಿಯ ಸೀಸೆಗೆ ಬೂಸು ಹಿಡಿಯುವುದುಂಟು. ಲೋಳೆಯ ಎಳೆಗಳು, ಮುಗ್ಗಲು ವಾಸನೆ ಅದರ ಗುರುತು. ಅಂಥ ಶಾಯಿಯನ್ನು ಸೋಸಿ ಬಳಸದೆ ಚೆಲ್ಲಬೇಕು. ಅದು ಹೊಕ್ಕ ಪೆನ್ನಿನಿಂದ ಬೇರೆ ಸೀಸೆಗಳಿಗೂ ಬೂಸು ಹರಡುತ್ತದೆ.

ಎತ್ತರದ ಪರಿಣಾಮ ಮುಂಬಯಿ–ಪುಣೆ ಪ್ರಯಾಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಭೋರ್ ಘಾಟ್ ಏರಿ ಪುಣೆಗೆ ಬರುವಾಗ ಗಾಳಿಯ ಒತ್ತಡ ಸುಮಾರು ನೂರಕ್ಕೆ ಆರರಷ್ಟು ತಗ್ಗುತ್ತದೆ. ತೊಟ್ಟಿಯಲ್ಲಿ 2 ಮಿಲಿಲೀಟರ್ ಗಾಳಿ ಇದ್ದರೆ ಅದು 0.12 ಮಿಲಿಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ, ಎರಡು ಹನಿಗೂ ಮಿಕ್ಕಿದ ಶಾಯಿ ಹೊರದೂಡಲ್ಪಡುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವಾಗ ಒತ್ತಡದ ಇಳಿತ ನೂರಕ್ಕೆ ಹತ್ತರ ಹತ್ತಿರ. ವಿಮಾನದಲ್ಲಿ ಇದು ಇನ್ನೂ ಹೆಚ್ಚು. ಗರಿಗಳು ಹೆಚ್ಚಿರುವ ಫೀಡು ಇಷ್ಟನ್ನು ತಡೆಯಬಹುದು, ಹಳೆಯ ಎಬೊನೈಟ್ ಫೀಡು ತಡೆಯಲಾರದು. ಪ್ರಯಾಣದಲ್ಲಿ ತೊಟ್ಟಿಯನ್ನು ಪೂರ್ತಿ ತುಂಬಿಡುವುದು ಅಥವಾ ಪೂರ್ತಿ ಬರಿದು ಮಾಡುವುದು, ನಿಬ್ಬು ಮೇಲ್ಮುಖವಾಗಿರುವಂತೆ ಜೇಬಿಗೆ ಸಿಕ್ಕಿಸುವುದು ಸರಿಯಾದ ಕ್ರಮ. ಘಾಟಿ ಇಳಿಯುವಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಹೊರಗಿನ ಒತ್ತಡ ಏರಿ ಫೀಡಿನಲ್ಲಿದ್ದ ಶಾಯಿ ಒಳಕ್ಕೆ ಸರಿಯುತ್ತದೆ. ಸಣ್ಣ ನಿಬ್ಬು ಮುಂಬಯಿಯಲ್ಲಿ ಮೊದಲ ಗೆರೆಯನ್ನು ಬರೆಯದಿದ್ದರೆ ಅಚ್ಚರಿಯಿಲ್ಲ, ಕೆಲವು ನಿಮಿಷ ಕೆಳಮುಖವಾಗಿ ಹಿಡಿದರೆ ಸರಿಹೋಗುತ್ತದೆ.

ಫಿಲ್ಲರಿನಿಂದ ತುಂಬುವ ದೊಡ್ಡ ತೊಟ್ಟಿಯ ಪೆನ್ನಿಗೆ ಕೈಯ ಬಿಸಿಯೂ ಸಾಕು. ಒಳಗಿನ ಗಾಳಿ 25 ಡಿಗ್ರಿಯಿಂದ 35 ಡಿಗ್ರಿಗೆ ಕಾದರೆ ನೂರಕ್ಕೆ ಮೂರಕ್ಕಿಂತ ಹೆಚ್ಚು ಹಿಗ್ಗುತ್ತದೆ. ತೊಟ್ಟಿಯಲ್ಲಿನ ಶಾಯಿ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯಲು ಬಿಡದೆ ಮರುತುಂಬಿದರೆ ಹನಿ ಬೀಳುವುದು ತಪ್ಪುತ್ತದೆ. ಒಡಲಿನ ತಿರುಪಿಗೆ ಸಿಲಿಕೋನ್ ಗ್ರೀಸ್ ಸವರಿದರೆ ಸಂದಿಯಲ್ಲಿ ಸೋರುವುದು ನಿಲ್ಲುತ್ತದೆ.

ನೀರು, ಶಾಯಿ, ಕಾಗದ

ಪುಣೆಯ ನಲ್ಲಿಗಳಿಗೆ ಖಡಕವಾಸಲಾ ಜಲಾಶಯಗಳಿಂದ ಬರುವ ನೀರು ಪೆನ್ನು ತೊಳೆಯಲು ತಕ್ಕದ್ದೇ. ಬಂಡೆಯ ನೆಲದ ಕೊಳವೆಬಾವಿಯ ನೀರು ಗಡಸು. ಅದು ಒಣಗಿದಾಗ ಉಳಿಯುವ ಸುಣ್ಣ ಫೀಡಿನ ಕೂದಲೆಳೆ ಸೀಳುಗಳನ್ನು ಕಟ್ಟುತ್ತದೆ. ಕೊಳವೆಬಾವಿಯನ್ನೇ ನಂಬಿದ ಬಡಾವಣೆಗಳಲ್ಲಿ ಕೊನೆಯ ಜಾಲಾಡಿಕೆಗೆ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರು ಬಳಸುವುದು ಲೇಸು. ಶಾಯಿಯನ್ನು ತೆಳುಗೊಳಿಸಲೂ ಅದೇ ನೀರು.

ಶಾಯಿಗಳಲ್ಲಿ ಮೂರು ಬಗೆ ಮುಖ್ಯ. ನೀರಿನಲ್ಲಿ ಕರಗಿದ ಬಣ್ಣದ ಶಾಯಿ ಸಣ್ಣ ನಿಬ್ಬಿಗೆ ಎಲ್ಲಕ್ಕಿಂತ ಸುರಕ್ಷಿತ. ಕ್ಯಾಮೆಲ್, ಬ್ರಿಲ್‌ಗಳ ರಾಯಲ್ ಬ್ಲೂ ಈ ಬಗೆಯವು. ಕಬ್ಬಿಣ ಮತ್ತು ಮಾಚಿಕಾಯಿಯ ಆಮ್ಲದಿಂದಾಗುವ ಕಬ್ಬಿಣಶಾಯಿ ಕಾಗದದಲ್ಲಿ ಮಾಸದೆ ಉಳಿಯುತ್ತದೆ, ಆದರೆ ಹರಿವು ಒಣ, ಫೀಡಿನಲ್ಲಿ ಒಣಗಿದರೆ ಅಮೋನಿಯಾಕ್ಕೂ ಜಗ್ಗುವುದಿಲ್ಲ. ಅದಕ್ಕೆ ತೆಳುವಾದ ವಿನೆಗರ್ ಅಥವಾ ಆಸ್ಕಾರ್ಬಿಕ್ ಆಮ್ಲದ ದ್ರಾವಣ ಬೇಕು. ಭಾರತೀಯ ಮಾನಕ ಸಂಸ್ಥೆ ಕಬ್ಬಿಣಶಾಯಿಗೂ ಬಣ್ಣದ ಶಾಯಿಗೂ ಬೇರೆಬೇರೆ ಮಾನಕಗಳನ್ನು ಗೊತ್ತುಪಡಿಸಿದೆ. ಮೂರನೆಯದು ಕರಗದ ಕಣಗಳು ತೇಲುವ ವರ್ಣಕಣಶಾಯಿ. ಪೆನ್ನು ದಿನವೂ ಬಳಕೆಯಲ್ಲಿದ್ದರೆ ಮಾತ್ರ ಇದು ಸಣ್ಣ ನಿಬ್ಬಿಗೆ ಸಲ್ಲುತ್ತದೆ. ಮಿನುಗುಪುಡಿ ಬೆರೆಸಿದ ಶಾಯಿ ಸಣ್ಣ ನಿಬ್ಬಿಗೆ ಸಲ್ಲದು. ಚಿತ್ರಕಾರರು ಬಳಸುವ, ಅರಗು ಬೆರೆತ ಇಂಡಿಯನ್ ಇಂಕನ್ನು ಯಾವ ಶಾಯಿಪೆನ್ನಿಗೂ ಹಾಕಬಾರದು. ಅದು ಒಣಗಿದರೆ ಫೀಡು ಕೈಬಿಟ್ಟಂತೆಯೇ. ಎರಡು ತಯಾರಿಕೆಗಳ ಶಾಯಿಗಳನ್ನು ಬೆರೆಸುವುದೂ ಅಪಾಯ, ಕೆಲವು ಜೋಡಿಗಳಲ್ಲಿ ಬಣ್ಣ ಗಸಿಯಾಗಿ ತಳಕ್ಕಿಳಿಯುತ್ತದೆ.

ಕಾಗದದ ಮೇಲೆ ಅಂಟುಲೇಪ ಸಾಕಷ್ಟಿಲ್ಲದಿದ್ದರೆ ನಾರುಗಳು ಎದ್ದು ಸೀಳಿಗೆ ಸಿಕ್ಕುತ್ತವೆ. ಅಗ್ಗದ ನೋಟುಬುಕ್ಕುಗಳಲ್ಲಿ ಸಣ್ಣ ನಿಬ್ಬು ಕೆಡುವುದು ಹೀಗೆ. ಪುಣೆಯ ಶಿವಾಜಿನಗರದಲ್ಲಿರುವ ಕೈಕಾಗದ ಸಂಸ್ಥೆ 1940ರಲ್ಲಿ ಗಾಂಧೀಜಿಯ ಗ್ರಾಮೋದ್ಯೋಗ ಚಿಂತನೆಯ ಪ್ರೇರಣೆಯಿಂದ ಆರಂಭವಾದದ್ದು. ಹತ್ತಿಯ ಚಿಂದಿಯಿಂದ ಮಾಡುವ ಕೈಕಾಗದ ಬಾಳಿಕೆಗೆ ಹೆಸರಾದರೂ ಅದರ ಒರಟು ಮೈ ಸಣ್ಣ ನಿಬ್ಬಿಗೆ ಒಗ್ಗದು, ಅದಕ್ಕೆ ಅಗಲ ನಿಬ್ಬೇ ಸರಿ. ಅತಿ ನುಣುಪಾದ ಲೇಪಿತ ಕಾಗದದಲ್ಲಿ ತುದಿಮಣಿಯ ದೋಷಗಳು ಬಯಲಾಗುತ್ತವೆ ಎಂಬುದನ್ನು ಮೇಲೆ ಹೇಳಿದೆ. ಹೊಸ ನಿಬ್ಬನ್ನು ಒರಟಲ್ಲದ, ನುಣುಪೂ ಅಲ್ಲದ ಕಾಗದದಲ್ಲಿ ಪರೀಕ್ಷಿಸಿದರೆ ತೀರ್ಮಾನ ತಪ್ಪುವುದಿಲ್ಲ.

ಇಂದಿನ ಸ್ಥಿತಿ

ಬಾಲ್‌ಪೆನ್ನು, ಜೆಲ್ ಪೆನ್ನುಗಳು ಬಂದ ಮೇಲೆ ದಿನಬಳಕೆಯ ಸ್ಥಾನ ಕಳೆದುಕೊಂಡ ಶಾಯಿಪೆನ್ನು ಈಚಿನ ವರ್ಷಗಳಲ್ಲಿ ಆಸಕ್ತರ ಪೆನ್ನಾಗಿ ಮರಳಿದೆ. ಸುಲೇಖಾ ಶಾಯಿಯ ತಯಾರಿಕೆ ಮತ್ತೆ ಆರಂಭವಾಗಿದೆ. ಕಾನ್ಪುರದ ಕ್ಯಾನ್‌ರೈಟ್ ಭಾರತದಲ್ಲೇ ನಿಬ್ಬು ತಯಾರಿಸುತ್ತದೆ. ತಮಿಳುನಾಡಿನ ರಂಗ, ಚೆನ್ನೈನ ಗಾಮಾ ಮತ್ತು ಆಸಾ, ಪುಣೆಯ ಫಾಸ್ಫರ್ ಮುಂತಾದವು ಕೈಯಲ್ಲಿ ಕಡೆದ ಪೆನ್ನುಗಳಿಗೆ ಹೆಸರಾಗಿವೆ. ಇಂಥ ಪೆನ್ನುಗಳಲ್ಲಿ ಹಲವು ಜರ್ಮನಿಯ ಜೋವೋ, ಬಾಕ್, ಶ್ಮಿಟ್ ನಿಬ್ಬುಗಳೊಂದಿಗೆ ಸಿಗುತ್ತವೆ. ಪುಣೆಯಲ್ಲಿ ಪುಸ್ತಕ ಮತ್ತು ಲೇಖನ ಸಾಮಗ್ರಿಯ ಹಳೆಯ ಮಾರುಕಟ್ಟೆ ಅಪ್ಪಾ ಬಳವಂತ ಚೌಕದ ಸುತ್ತ ಇದೆ. ಪೆನ್ನು ರಿಪೇರಿಯನ್ನೇ ಕಸುಬಾಗಿಸಿಕೊಂಡ ಅಂಗಡಿಗಳು ದೇಶದಲ್ಲೆಲ್ಲ ವಿರಳವಾಗಿವೆ, ಕೋಲ್ಕತ್ತದ ಧರ್ಮತಲಾದ ಪೆನ್ ಹಾಸ್ಪಿಟಲ್ ಅವುಗಳಲ್ಲಿ ಪ್ರಸಿದ್ಧ.

ನಿಬ್ಬು ಮತ್ತು ಫೀಡು ಒಂದೇ ಘಟಕವಾಗಿ ತಿರುಪಿ ಕೂರಿಸುವಂತೆ ಬರುತ್ತಿರುವುದರಿಂದ, ರಿಪೇರಿಗಿಂತ ಘಟಕವನ್ನೇ ಬದಲಿಸುವುದು ಇಂದು ಹೆಚ್ಚು. ತೊಳೆದರೂ ಹೋಗದ ಹರಿವಿನ ದೋಷಕ್ಕೆ ಅದೊಂದು ಒಪ್ಪಬಹುದಾದ ದಾರಿ. ತುದಿಮಣಿ ಸವೆದು ಲೋಹದ ಎಸಳೇ ಕಾಗದಕ್ಕೆ ತಾಗುತ್ತಿರುವ ನಿಬ್ಬನ್ನು ಶುಚಿಗೊಳಿಸಿಯಾಗಲಿ ಎಸಳು ತಿದ್ದಿಯಾಗಲಿ ಉಳಿಸಲು ಬರುವುದಿಲ್ಲ. ಅಂಥ ನಿಬ್ಬಿಗೆ ಹೊಸ ತುದಿಮಣಿ ಬೆಸೆಯಬೇಕು, ಇಲ್ಲವೆ ನಿಬ್ಬನ್ನೇ ಬದಲಿಸಬೇಕು. ಉಕ್ಕಿನ ನಿಬ್ಬಿಗೆ ಮೊದಲನೆಯದು ದುಬಾರಿ, ಬದಲಿಸುವುದೇ ಅಗ್ಗ.